ಲೆಕ್ಕಕ್ಕೆ ಹೊಂದದ ಚೂರನ್ನು ಏನು ಮಾಡಬೇಕು?

ಪ್ರಶ್ನೆ: ನನಗೆ 38 ವರ್ಷ. ಪಂಪ್ ತಯಾರಿಸುವ ಕಂಪನಿಯೊಂದರ ಡಿಸೈನ್ ವಿಭಾಗದಲ್ಲಿ ಕೆಲಸ. ವಿಜ್ಞಾನಿಗಳ, ಸಂಶೋಧಕರ ಜೀವನಚರಿತ್ರೆ ಓದುವುದೆಂದರೆ ಬಹಳ ಇಷ್ಟ. ಓದಿದ ರಾತ್ರಿ ಹುರುಪು ಬರುತ್ತದೆ. ಮರುದಿನ ಕೆಲಸಕ್ಕೆ ಕೂತರೆ ಅದೇ ಹಳೇ ಡ್ರಾಯಿಂಗ್, ಅದೇ ಸಣ್ಣಪುಟ್ಟ ತಿದ್ದುಪಡಿ. ಹೊಸದನ್ನು ಹುಡುಕುವ ಶಕ್ತಿ ಹುಟ್ಟಿನಿಂದಲೇ ಬರಬೇಕಾ? ಇಲ್ಲ, ಇಂಥವರನ್ನು ನೋಡಿ ಕಲಿಯಬಹುದಾ? ಕಲಿಯಬಹುದಾದರೆ ಎಲ್ಲಿಂದ ಶುರು ಮಾಡಲಿ? ನನಗೆ ತಡವಾಯಿತಾ?

ಉತ್ತರ: ಕಲಿಯಬಹುದು. ಆದರೆ ಜೀವನಚರಿತ್ರೆಗಳಲ್ಲಿ ಎದ್ದು ಕಾಣುವ ಸಂಗತಿಗಳಿಂದ ಕಲಿಯುವುದು ಕಷ್ಟ. ನಿಮ್ಮ ಹುರುಪು ಬೆಳಗಾಗುವಷ್ಟರಲ್ಲಿ ಇಳಿದುಹೋಗುವುದಕ್ಕೆ ನಿಮ್ಮನ್ನು ಬೈದುಕೊಳ್ಳಬೇಕಿಲ್ಲ. ಆ ಪುಸ್ತಕ ಬರೆಯುವವರಿಗೆ ಕತೆಯ ಕೊನೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಮೊದಲ ಪುಟದಿಂದಲೂ ಎಲ್ಲವೂ ಆ ಕೊನೆಯ ಕಡೆಗೇ ಸಾಗುತ್ತದೆ. ಹುಡುಗ ಗಡಿಯಾರ ಬಿಚ್ಚಿದ, ಯಾರೂ ನಂಬಲಿಲ್ಲ, ಸೋತ, ಮತ್ತೆ ಸೋತ, ಗೆದ್ದ. ಇದರಿಂದ ನಮಗೆ ಉಳಿಯುವುದು ಎರಡು ಮಾತು: ಕುತೂಹಲ ಇರಲಿ, ಛಲ ಬಿಡಬೇಡ. ಎರಡೂ ಸರಿಯೇ. ಆದರೆ ಸೋಮವಾರ ಬೆಳಗ್ಗೆ ಡ್ರಾಯಿಂಗ್ ಮುಂದೆ ಕೂತವರಿಗೆ ಈ ಎರಡು ಮಾತಿನಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಅಲ್ವಾ?

ಎಂಜಿನಿಯರುಗಳಿಗೆ ಪ್ರಯೋಗ ಮಾಡುವ ಕ್ರಮ ಕಲಿಸುವುದು ನನ್ನ ಕೆಲಸ. ಇಂಥ ಕತೆಗಳಲ್ಲಿ ನಾನು ಹುಡುಕುವುದು ಒಂದೇ ಒಂದು ಜಾಗವನ್ನು. ಅಂದುಕೊಂಡ ಉತ್ತರ ಬಾರದ ದಿನ ಆ ಮನುಷ್ಯ ಮುಂದೆ ಏನು ಮಾಡಿದ? ಅದೂ ದೊಡ್ಡ ಸೋಲಲ್ಲ. ಸಣ್ಣದೊಂದು ವ್ಯತ್ಯಾಸ, 'ಅಳತೆಯಲ್ಲಿ ಏನೋ ತಪ್ಪಿರಬೇಕು' ಅಂತ ಬಿಟ್ಟುಬಿಡಬಹುದಾದಷ್ಟು ಸಣ್ಣದು. ಹೊಸದನ್ನು ಕಂಡವರಿಗೂ ಕಾಣದೆ ಹೋದವರಿಗೂ ಇರುವ ಫರಕು ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಬುದ್ಧಿಯಲ್ಲಿ ಇಬ್ಬರೂ ಕಡಿಮೆಯೇನಿರುವುದಿಲ್ಲ.

ಒಂದು ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಅಷ್ಟು ಪ್ರಸಿದ್ಧವಲ್ಲ, ಆದರೆ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಲಾರ್ಡ್ ರೇಲಿ ಎಂಬ ಇಂಗ್ಲೆಂಡಿನ ಭೌತವಿಜ್ಞಾನಿ ಅನಿಲಗಳ ಸಾಂದ್ರತೆ ಅಳೆಯುತ್ತಿದ್ದರು. ನಿಜಕ್ಕೂ ಬೇಸರದ ಕೆಲಸ. ಗಾಜಿನ ಬುರುಡೆಗೆ ಅನಿಲ ತುಂಬುವುದು, ತೂಗುವುದು, ಖಾಲಿ ಮಾಡುವುದು, ಮತ್ತೆ ತೂಗುವುದು. ಸಾರಜನಕದ ಸರದಿ ಬಂದಾಗ ಅದನ್ನು ಎರಡು ದಾರಿಯಲ್ಲಿ ತಯಾರಿಸಿದರು. ಒಂದರಲ್ಲಿ ಗಾಳಿಯನ್ನು ಕೆಂಪಗೆ ಕಾದ ತಾಮ್ರದ ಮೇಲೆ ಹಾಯಿಸಿ ಆಮ್ಲಜನಕವನ್ನು ತೆಗೆದುಹಾಕಿದರು. ಇನ್ನೊಂದರಲ್ಲಿ ಗಾಳಿಯನ್ನು ಮೊದಲು ಅಮೋನಿಯದ ಮೂಲಕ ಹಾಯಿಸಿ, ಆಮೇಲೆ ಕಾದ ತಾಮ್ರದ ಮೇಲೆ ಬಿಟ್ಟರು. ಅಮೋನಿಯದಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ, ಸಾರಜನಕ ಉಳಿಯುತ್ತದೆ. ಎರಡೂ ಒಂದೇ ಅನಿಲ, ತೂಕವೂ ಒಂದೇ ಇರಬೇಕು. ಇರಲಿಲ್ಲ. ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಬಂತು.

ಸಾವಿರದಲ್ಲಿ ಒಂದು! ನಾವಾದರೆ ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಮುಂದೆ ಹೋಗುತ್ತಿದ್ದೆವು. ಸ್ವಲ್ಪ ಶ್ರದ್ಧೆ ಇರುವವರು ಆ ವ್ಯತ್ಯಾಸವನ್ನು ಹೇಗಾದರೂ ಕಡಿಮೆ ಮಾಡಲು ನೋಡುತ್ತಿದ್ದರು. ರೇಲಿ ಮಾಡಿದ್ದು ತದ್ವಿರುದ್ಧ. ಆ ವ್ಯತ್ಯಾಸ ಹೆಚ್ಚಾಗುವಂತೆ ಮಾಡಿದರು. ಅಮೋನಿಯದ ದಾರಿಯಲ್ಲಿ ಬಂದ ಸಾರಜನಕದಲ್ಲಿ ಸುಮಾರು ಏಳನೇ ಒಂದು ಪಾಲು ಮಾತ್ರ ಅಮೋನಿಯದ್ದು, ಉಳಿದದ್ದು ಗಾಳಿಯದ್ದೇ. ಹಾಗಾದರೆ ಗಾಳಿಯ ಬದಲು ಶುದ್ಧ ಆಮ್ಲಜನಕ ಹಾಯಿಸಿದರೆ? ಆಗ ಸಾರಜನಕ ಪೂರ್ತಿ ಅಮೋನಿಯದಿಂದಲೇ ಬರುತ್ತದೆ. ಮಾಡಿ ನೋಡಿದರು. ವ್ಯತ್ಯಾಸ ಇನ್ನೂರರಲ್ಲಿ ಒಂದಕ್ಕೆ ಏರಿತು. ಅವರ ಬುರುಡೆಯಲ್ಲಿ ಗಾಳಿಯ ಸಾರಜನಕ ಸುಮಾರು 2.310 ಗ್ರಾಂ ತೂಗಿದರೆ, ರಾಸಾಯನಿಕಗಳಿಂದ ಬಂದದ್ದು ಸುಮಾರು 2.299 ಗ್ರಾಂ. ಈಗ ಅದನ್ನು ಅಳತೆಯ ತಪ್ಪು ಅನ್ನಲು ಯಾರಿಂದಲೂ ಆಗುತ್ತಿರಲಿಲ್ಲ.

ಮುಂದಿನ ಹೆಜ್ಜೆಗಳೂ ಚೆನ್ನಾಗಿವೆ. 1892ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದು, ನನಗೆ ಅರ್ಥವಾಗುತ್ತಿಲ್ಲ, ಯಾರಿಗಾದರೂ ಕಾರಣ ಹೊಳೆದರೆ ಹೇಳಿ ಅಂತ ಕೇಳಿದರು. ಆಗಲೇ ದೊಡ್ಡ ಹೆಸರು ಮಾಡಿದ್ದ ಮನುಷ್ಯ! ಆಮೇಲೆ ಒಂದೊಂದೇ ಅನುಮಾನವನ್ನು ಹಿಡಿದರು. ಹಗುರ ಅನಿಲದಲ್ಲಿ ಹೈಡ್ರೋಜನ್ ಉಳಿದುಬಿಟ್ಟಿದೆಯಾ? ಬೇಕೆಂದೇ ಭಾರದ ಅನಿಲಕ್ಕೆ ಹೈಡ್ರೋಜನ್ ಸೇರಿಸಿ, ಮತ್ತೆ ಅದೇ ರೀತಿ ಶುದ್ಧ ಮಾಡಿ ತೂಗಿದರು. ತೂಕ ಬದಲಾಗಲಿಲ್ಲ. ಸಾರಜನಕ ಒಡೆದು ಬೇರೆ ರೂಪಕ್ಕೆ ಹೋಗಿದೆಯಾ? ಹಾಗಾಗಿದ್ದರೆ ಕಾಲ ಕಳೆದಂತೆ ಮೊದಲಿನಂತಾಗಬೇಕು. ಎಂಟು ತಿಂಗಳು ಹಾಗೇ ಇಟ್ಟು ನೋಡಿದರು. ಬದಲಾಗಲಿಲ್ಲ. ಕೊನೆಗೆ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ಕೂಡ ಜೊತೆಯಾದರು. ಗಾಳಿಯ ಸಾರಜನಕವನ್ನು ಬಿಸಿ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿ ಹೀರಿಸಿದರೂ ಒಂದಿಷ್ಟು ಅನಿಲ ಹಾಗೇ ಉಳಿಯಿತು. ಅದೇ ಆರ್ಗಾನ್, ಗಾಳಿಯ ಸಾರಜನಕವನ್ನು ಭಾರ ಮಾಡುತ್ತಿದ್ದದ್ದು. 1894ರಲ್ಲಿ ಪ್ರಕಟಿಸಿದರು. ನಾವು ಉಸಿರಾಡುವ ಗಾಳಿಯಲ್ಲಿ ನೂರರಲ್ಲಿ ಸುಮಾರು ಒಂದು ಪಾಲು ಇರುವ ಅನಿಲ ಅಲ್ಲಿವರೆಗೆ ಯಾರಿಗೂ ಗೊತ್ತಿರಲಿಲ್ಲ. 1904ರಲ್ಲಿ ರೇಲಿಗೆ ಭೌತಶಾಸ್ತ್ರದ ನೊಬೆಲ್ ಬಂತು, ರಾಮ್ಸೆಗೆ ರಸಾಯನಶಾಸ್ತ್ರದ್ದು.

ಇದನ್ನು ನಿಮ್ಮ ಕೆಲಸಕ್ಕೆ ತನ್ನಿ. ಒಂದೇ ಡ್ರಾಯಿಂಗಿನಿಂದ ಬಂದ ಹತ್ತು ಪಂಪ್ ಟೆಸ್ಟ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಎರಡರ ದಕ್ಷತೆ ಉಳಿದವುಗಳಿಗಿಂತ ಶೇಕಡಾ ಒಂದೂವರೆ ಕಡಿಮೆ. ಮಿತಿಯೊಳಗೇ ಇದೆ, ಪಾಸ್. ಸಾಮಾನ್ಯವಾಗಿ ಕತೆ ಅಲ್ಲಿಗೆ ಮುಗಿಯುತ್ತದೆ. ರೇಲಿ ಆಗಿದ್ದರೆ ಆ ಎರಡು ಪಂಪುಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಈ ಒಂದೂವರೆಯನ್ನು ಐದು ಮಾಡುವುದು ಹೇಗೆ ಅಂತ ಕೇಳುತ್ತಿದ್ದರು. ವೇಗ ಹೆಚ್ಚಿಸಿದರೆ ಅಂತರ ಹೆಚ್ಚುತ್ತದಾ? ಬಿಸಿ ನೀರು ಕೊಟ್ಟರೆ? ಹೀರುವ ಪೈಪ್ ಉದ್ದ ಮಾಡಿದರೆ? ನೀರು ಬಿಸಿಯಾದಾಗ ಅಂತರ ಜಾಸ್ತಿಯಾದರೆ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ಚಕ್ರದ ಬಾಯಲ್ಲಿ ಆವಿಯ ಗುಳ್ಳೆ ಏಳುತ್ತಿರಬಹುದು, ಅಂದರೆ ಕ್ಯಾವಿಟೇಶನ್. ವೇಗಕ್ಕೂ ಬಿಸಿಗೂ ಏನೂ ಆಗದಿದ್ದರೆ ಸೀಲ್, ಬೇರಿಂಗ್, ಎರಕದ ಒರಟುತನದ ಕಡೆ ನೋಡಬೇಕು. ಯಾವ ಸ್ಥಿತಿಯಲ್ಲಿ ವ್ಯತ್ಯಾಸ ಹಿಗ್ಗುತ್ತದೋ ಅಲ್ಲೇ ಕಾರಣವೂ ಇರುತ್ತದೆ. ಕಾರಣ ಸಿಕ್ಕಿದರೆ ಹೊಸ ವಿನ್ಯಾಸಕ್ಕೆ ನಿಜವಾದ ಹಿಡಿ ಸಿಕ್ಕಿದ ಹಾಗೆ. 'ಹೊಸದೇನಾದರೂ ಯೋಚಿಸೋಣ' ಅಂತ ಖಾಲಿ ಹಾಳೆ ಮುಂದೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಈ ಕತೆಗೆ ಒಂದು ಬಾಲವೂ ಇದೆ. ರೇಲಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು, 1785ರಲ್ಲಿ, ಹೆನ್ರಿ ಕ್ಯಾವೆಂಡಿಶ್ ಗಾಳಿಯ ಸಾರಜನಕವನ್ನು ವಿದ್ಯುತ್ ಕಿಡಿಗಳಿಂದ ಆಮ್ಲಜನಕದ ಜೊತೆ ಸೇರಿಸಿ ತೆಗೆಯುತ್ತಾ ಹೋಗಿದ್ದರು. ಕೊನೆಗೆ ಒಂದು ಪುಟ್ಟ ಗುಳ್ಳೆ ಉಳಿಯಿತು. ಅದೇನೆಂದು ಅವರಿಗೆ ಗೊತ್ತಾಗಲಿಲ್ಲ. ಆದರೆ ಪೂರ್ತಿ ಅನಿಲದ 120ನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಅಂತ ಬರೆದಿಟ್ಟರು. ಆ ಗುಳ್ಳೆ ಆರ್ಗಾನ್ ಆಗಿತ್ತು. 'ಸ್ವಲ್ಪ ಉಳಿಯಿತು' ಅಂತ ಬರೆದಿದ್ದರೆ ಯಾರಿಗೂ ಉಪಯೋಗವಾಗುತ್ತಿರಲಿಲ್ಲ. ಅಂಕಿ ಇದ್ದದ್ದರಿಂದಲೇ ನೂರು ವರ್ಷ ಕಳೆದ ಮೇಲೂ ಅದರ ಬೆಲೆ ಉಳಿಯಿತು.

ಬರೆದಿಡುವ ವಿಷಯ ಬಂತಲ್ಲ, ಚಾರ್ಲ್ಸ್ ಡಾರ್ವಿನ್ ತಮಗಾಗಿ ಮಾಡಿಕೊಂಡಿದ್ದ ಒಂದು ನಿಯಮ ನೋಡಿ. ತಾನು ನಂಬಿದ್ದಕ್ಕೆ ವಿರುದ್ಧವಾದ ಸಂಗತಿ ಕಂಡರೆ, ಅಂಥ ಯೋಚನೆ ಬಂದರೂ ಸಾಕು, ತಡಮಾಡದೆ ಬರೆದುಕೊಳ್ಳುತ್ತಿದ್ದರು. ಕಾರಣವನ್ನೂ ಅವರೇ ಹೇಳಿದ್ದಾರೆ: ನಮಗೆ ಅನುಕೂಲವಾದ ಸಂಗತಿಗಳು ನೆನಪಲ್ಲಿ ಉಳಿಯುತ್ತವೆ, ವಿರುದ್ಧವಾದವು ಬೇಗ ಮರೆತುಹೋಗುತ್ತವೆ. ನೀವು ದಿನಚರಿ ಬರೆಯಬೇಕು, ಐಡಿಯಾ ಬರೆಯುವ ಪುಸ್ತಕ ಇಡಬೇಕು ಅಂತ ಬಹಳ ಜನ ಹೇಳಿರಬಹುದು. ಐಡಿಯಾಗಳ ಪುಸ್ತಕದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಐಡಿಯಾ ತಾನಾಗಿಯೇ ನೆನಪಿರುತ್ತದೆ, ನಮ್ಮದು ಅಂತ ಪ್ರೀತಿ ಬೇರೆ. ನೀವು ಇಡಬೇಕಾದದ್ದು ಹೊಂದದ ಸಂಗತಿಗಳ ಪುಸ್ತಕ. ತಾರೀಕು, ಅಂಕಿ, ಏನಾಗಬೇಕಿತ್ತು, ಏನಾಯಿತು. ನಾಲ್ಕು ಸಾಲು ಸಾಕು.

ಎರಡನೇ ಪಾಠ ನೋಡುವ ಸಮಯಕ್ಕೆ ಸಂಬಂಧಿಸಿದ್ದು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವಿದ್ಯುತ್ತಿನಿಂದ ಕಾಂತಶಕ್ತಿ ಬರುತ್ತದೆ ಎಂದು 1820ರಲ್ಲಿ ಗೊತ್ತಾಗಿತ್ತು. ಹಾಗಾದರೆ ಅಯಸ್ಕಾಂತದಿಂದ ವಿದ್ಯುತ್ ಬರಬೇಕಲ್ಲ ಅಂತ ಯುರೋಪಿನಲ್ಲಿ ಹಲವರು ಹುಡುಕುತ್ತಿದ್ದರು. ಜಿನೀವಾದ ಜಾನ್ ಡೇನಿಯಲ್ ಕೊಲಾಡನ್ 1825ರಲ್ಲಿ ಒಳ್ಳೆಯ ಪ್ರಯೋಗವನ್ನೇ ಹೂಡಿದರು. ತಂತಿಯ ಸುರುಳಿ, ಶಕ್ತಿಯುತ ಅಯಸ್ಕಾಂತ, ವಿದ್ಯುತ್ ಹರಿದರೆ ಮುಳ್ಳು ಅಲ್ಲಾಡಿಸಿ ತೋರಿಸುವ ಸೂಕ್ಷ್ಮವಾದ ಗ್ಯಾಲ್ವನೋಮೀಟರ್. ಅಯಸ್ಕಾಂತವೇ ಮುಳ್ಳನ್ನು ಎಳೆದುಬಿಟ್ಟರೆ ಅಂತ ಎಚ್ಚರ ವಹಿಸಿ, ಗ್ಯಾಲ್ವನೋಮೀಟರನ್ನು ಉದ್ದ ತಂತಿಗಳಿಂದ ಜೋಡಿಸಿ ಇನ್ನೊಂದು ಕೋಣೆಯಲ್ಲಿಟ್ಟರು. ಅಯಸ್ಕಾಂತವನ್ನು ಸುರುಳಿಗೆ ತೂರಿಸಿ, ನಡೆದು ಹೋಗಿ, ಮುಳ್ಳನ್ನು ನೋಡಿದರು. ಮುಳ್ಳು ಸುಮ್ಮನಿತ್ತು. ಅವರು ನಡೆದು ಬರುವಷ್ಟರಲ್ಲಿ ಅದು ಅಲ್ಲಾಡಿ ನಿಂತಿತ್ತು.

ಮೈಕೆಲ್ ಫ್ಯಾರಡೆಯೂ ಅದನ್ನೇ ಹುಡುಕುತ್ತಿದ್ದರು. 1822ರಲ್ಲೇ ತಮ್ಮ ಟಿಪ್ಪಣಿ ಪುಸ್ತಕದಲ್ಲಿ, ಕಾಂತಶಕ್ತಿಯನ್ನು ವಿದ್ಯುತ್ತಾಗಿ ಬದಲಿಸಬೇಕು ಅಂತ ಬರೆದುಕೊಂಡಿದ್ದರು. ಒಂಬತ್ತು ವರ್ಷದ ನಂತರ, 1831ರ ಆಗಸ್ಟ್ 29ರಂದು, ಕಬ್ಬಿಣದ ಉಂಗುರಕ್ಕೆ ಎರಡು ಕಡೆ ತಂತಿ ಸುತ್ತಿ ಒಂದಕ್ಕೆ ಬ್ಯಾಟರಿ ಜೋಡಿಸಿದರು. ಜೋಡಿಸಿದ ಕ್ಷಣ ಇನ್ನೊಂದು ಸುರುಳಿಯ ಬಳಿಯ ಮುಳ್ಳು ಅಲುಗಿ ಮತ್ತೆ ನಿಂತಿತು. ಬ್ಯಾಟರಿ ಕಿತ್ತಾಗ ಮತ್ತೊಮ್ಮೆ ಅಲುಗಿತು. ಅವರಿಗೂ ಬೇಕಿದ್ದದ್ದು ನಿರಂತರ ವಿದ್ಯುತ್ತೇ. ಸಿಕ್ಕಿದ್ದು ಎರಡು ಅಲುಗಾಟ. ಬದಲಾಗುತ್ತಿರುವಾಗ ಮಾತ್ರ ವಿದ್ಯುತ್ ಹುಟ್ಟುತ್ತದೆ ಎಂಬ ಗುಟ್ಟು ಆ ಅಲುಗಾಟದಲ್ಲೇ ಇತ್ತು. ಇವತ್ತಿನ ಜನರೇಟರ್, ಟ್ರಾನ್ಸ್‌ಫಾರ್ಮರ್ ಎಲ್ಲವೂ ಅದರ ಮೇಲೆ ನಿಂತಿವೆ.

ಕೊಲಾಡನ್ ತಡವಾಗಿ ನೋಡಿದರು. ಬೇಗ ಎಸೆದುಬಿಟ್ಟು ತಪ್ಪಿಸಿಕೊಂಡ ಉದಾಹರಣೆಯೂ ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಹೊಟ್ಟೆಯ ಒಳಪದರದಲ್ಲಿ ಕಾಣುತ್ತಿದ್ದ ಸುರುಳಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಒದ್ದಾಡುತ್ತಿದ್ದರು. ರೂಢಿಯಂತೆ ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ ತಟ್ಟೆಗಳನ್ನು ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಇನ್ನೂ ಕೆಲವು ದಿನ ಹಾಗೇ ಉಳಿದವು. ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು. ಅದು ನಿಧಾನವಾಗಿ ಬೆಳೆಯುವ ಜಾತಿ, ಅಷ್ಟೇ. ಹೊಟ್ಟೆ ಹುಣ್ಣಿಗೆ ಒತ್ತಡ, ಖಾರ ಕಾರಣ ಅಂತಿದ್ದ ನಂಬಿಕೆ ಬದಲಾಯಿತು, ಹೆಚ್ಚಾಗಿ ಈ ಬ್ಯಾಕ್ಟೀರಿಯಾವೇ ಕಾರಣ ಅಂತ ಗೊತ್ತಾಯಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಇದನ್ನು ಅದೃಷ್ಟ ಅಂತ ಹೇಳುವುದು ವಾಡಿಕೆ. ಅದೃಷ್ಟ ಹೌದು. ಆದರೆ ಆ ಅದೃಷ್ಟ ಮಾಡಿದ ಕೆಲಸ ಏನೆಂದರೆ, ಯಾರೂ ಪ್ರಶ್ನಿಸದ 'ಎರಡು ದಿನ' ಎಂಬ ರೂಢಿಯನ್ನು ಮುರಿದದ್ದು. ಆ ಕೆಲಸವನ್ನು ನಾವು ರಜೆಗೆ ಕಾಯದೆಯೂ ಮಾಡಬಹುದು.

ನೀವು ಪಂಪಿನ ಅಳತೆ ಯಾವಾಗ ತೆಗೆದುಕೊಳ್ಳುತ್ತೀರಿ? ಬಹುಶಃ ಹರಿವು ಸ್ಥಿರವಾದ ಮೇಲೆ. ಮೊದಲ ಹತ್ತು ಸೆಕೆಂಡಿನಲ್ಲಿ ಒಳಗೆ ಏನಾಗುತ್ತದೆ ಅಂತ ಯಾರಾದರೂ ದಾಖಲಿಸಿದ್ದಾರಾ? ನಿಲ್ಲಿಸಿದ ಮೇಲೆ ಒತ್ತಡ ಹೇಗೆ ಇಳಿಯುತ್ತದೆ? ಟೆಸ್ಟ್ ಒಂದು ಗಂಟೆ ಅಂತ ಇದ್ದರೆ ಆ ಒಂದು ಗಂಟೆಯನ್ನು ಯಾರು, ಯಾಕೆ ಗೊತ್ತು ಮಾಡಿದರು? ಎಷ್ಟೋ ಕಡೆ ಇದಕ್ಕೆ ಉತ್ತರವೇ ಇರುವುದಿಲ್ಲ. ಮೊದಲಿಂದ ಹಾಗೇ ನಡೆದು ಬಂದಿರುತ್ತದೆ.

ಒಪ್ಪಿಕೊಂಡ ಉತ್ತರವನ್ನು ಕೈಯಲ್ಲಿರುವ ಸಾಧನದಿಂದಲೇ ಪರೀಕ್ಷಿಸುವುದರಲ್ಲಿ ಸಿ. ವಿ. ರಾಮನ್ ಅವರನ್ನು ಮೀರಿಸಿದವರು ಕಡಿಮೆ. 1921ರಲ್ಲಿ ಹಡಗಿನಲ್ಲಿ ಹೋಗುವಾಗ ಅವರು ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿಯನ್ನು ನೋಡಿದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಅಂತ ಆಗಿನ ವಿವರಣೆ. ತಮಾಷೆ ಅಂದರೆ, ಅದನ್ನು ಹೇಳಿದ್ದು ನಮ್ಮ ಇದೇ ರೇಲಿ. ರಾಮನ್ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ನಿಕೋಲ್ ಪಟ್ಟಕದಿಂದ ನೀರನ್ನು ನೋಡಿದರು. ಸರಿಯಾದ ಕೋನದಲ್ಲಿ ಹಿಡಿದರೆ ಅದು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆಯುತ್ತದೆ. ನೀಲಿ ಬರೀ ಪ್ರತಿಬಿಂಬವಾಗಿದ್ದರೆ ಮಾಯವಾಗಬೇಕಿತ್ತು. ಆಗಲಿಲ್ಲ, ಇನ್ನೂ ಗಾಢವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಅಂತ ಅಲ್ಲಿಂದ ಹಿಡಿದ ದಾರಿ 1928ರ ರಾಮನ್ ಪರಿಣಾಮಕ್ಕೆ ತಲುಪಿತು. ದೊಡ್ಡವರು ಹೇಳಿದ್ದನ್ನು ಅನುಮಾನಿಸುವುದು ಯಾರಿಗೂ ಬರುತ್ತದೆ. 'ಇದು ಸುಳ್ಳಾಗಿದ್ದರೆ ಈಗ, ಇಲ್ಲಿ ನನಗೆ ಏನು ಕಾಣಬೇಕು?' ಅಂತ ಕೇಳಿಕೊಳ್ಳುವುದು ಕಲಿತರೆ ಮಾತ್ರ ಬರುತ್ತದೆ.

ಇನ್ನು ರೈಟ್ ಸಹೋದರರು. ಇವರ ಕತೆಯನ್ನು ಛಲದ ಕತೆಯಾಗಿ ಓದಬೇಡಿ. ಅದೇ ಕಾಲದಲ್ಲಿ ವಿಮಾನ ಕಟ್ಟುತ್ತಿದ್ದ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿಗೂ ಛಲ ಇತ್ತು. ಜೊತೆಗೆ ಅಮೆರಿಕದ ಯುದ್ಧ ಇಲಾಖೆ ಕೊಟ್ಟ 50,000 ಡಾಲರ್ ಇತ್ತು, 52 ಅಶ್ವಶಕ್ತಿಯ ಅದ್ಭುತ ಎಂಜಿನ್ ಇತ್ತು. 1896ರಲ್ಲಿ ಅವರ ಮನುಷ್ಯರಿಲ್ಲದ ಮಾದರಿ ಚೆನ್ನಾಗಿ ಹಾರಿತ್ತು. ಅದನ್ನೇ ದೊಡ್ಡದು ಮಾಡಿ ಒಬ್ಬರನ್ನು ಕೂರಿಸಿದರು. 1903ರ ಅಕ್ಟೋಬರ್ 7ರಂದು ಅದು ಪೊಟೊಮ್ಯಾಕ್ ನದಿಗೆ ಬಿತ್ತು, ಡಿಸೆಂಬರ್ 8ರಂದು ಮತ್ತೆ ಬಿತ್ತು. ಉಡಾಯಿಸುವ ಯಂತ್ರಕ್ಕೆ ಸಿಕ್ಕಿಹಾಕಿಕೊಂಡಿತು ಅಂತ ಅವರ ಕಡೆಯವರು ಹೇಳಿದರು. ಇರಬಹುದು. ಆದರೆ ಚಾಲಕನಿಗೆ ಗಾಳಿಯಲ್ಲಿ ಅದನ್ನು ನಿಭಾಯಿಸಿದ ಅನುಭವವೇ ಇರಲಿಲ್ಲ. ಒಂಬತ್ತು ದಿನದ ನಂತರ ರೈಟ್ ಸಹೋದರರು 12 ಅಶ್ವಶಕ್ತಿಯ ಎಂಜಿನ್ ಇಟ್ಟುಕೊಂಡು ಹಾರಿದರು.

ಅವರು ಶುರುವಿನಲ್ಲೇ ಕೇಳಿಕೊಂಡಿದ್ದ ಪ್ರಶ್ನೆ: ಇದರಲ್ಲಿ ಯಾವ ಭಾಗ ಯಾರಿಗೂ ಗೊತ್ತಿಲ್ಲ? ರೆಕ್ಕೆ ಎತ್ತುತ್ತದೆ ಅಂತ ಗೊತ್ತಿತ್ತು. ಎಂಜಿನ್ ದಿನೇ ದಿನೇ ಹಗುರವಾಗುತ್ತಿತ್ತು. ಗಾಳಿಯಲ್ಲಿ ವಾಲಿದಾಗ ಸರಿಪಡಿಸುವುದು ಹೇಗೆ ಎಂಬುದು ಗೊತ್ತಿರಲಿಲ್ಲ. ಜರ್ಮನಿಯ ಒಟ್ಟೊ ಲಿಲಿಯೆಂತಾಲ್ 1896ರಲ್ಲಿ ಗ್ಲೈಡರಿನಿಂದ ಬಿದ್ದು ಸತ್ತಿದ್ದರು. ಹಾಗಾಗಿ ಮೊದಲು ಎಂಜಿನ್ ಇಲ್ಲದ ಗ್ಲೈಡರ್, ಹಿಡಿತದ ಅಭ್ಯಾಸ. ಅವರು ಸೈಕಲ್ ತಯಾರಿಸಿ ಮಾರುವವರು ಎಂಬುದೂ ಇಲ್ಲಿ ಮುಖ್ಯ. ಬೇರೆಯವರು ತಾನಾಗಿಯೇ ಸ್ಥಿರವಾಗಿ ತೇಲುವ ವಿಮಾನ ಬೇಕು ಅಂತಿದ್ದರು. ಸೈಕಲ್ ತಾನಾಗಿ ನಿಲ್ಲುವುದಿಲ್ಲ, ಓಡಿಸುವವರೇ ಕ್ಷಣಕ್ಷಣಕ್ಕೂ ನಿಲ್ಲಿಸುತ್ತಾರೆ. ವಿಮಾನವೂ ಹಾಗಿದ್ದರೆ ತಪ್ಪೇನು ಅಂತ ಅವರಿಗೆ ಅನ್ನಿಸಿದ್ದು ಸಹಜ.

1901ರಲ್ಲಿ ಅವರ ಗ್ಲೈಡರಿನ ಎತ್ತುವ ಬಲ ಲೆಕ್ಕ ಹೇಳಿದ್ದಕ್ಕಿಂತ ಬಹಳ ಕಡಿಮೆ ಬಂತು. ನೋಡಿ, ಮತ್ತೆ ಅದೇ, ಹೊಂದದ ಅಂಕಿ. ಇನ್ನೂ ದೊಡ್ಡ ಗ್ಲೈಡರ್ ಕಟ್ಟಲಿಲ್ಲ. ಸುಮಾರು ಆರಡಿ ಉದ್ದದ ಮರದ ಪೆಟ್ಟಿಗೆಗೆ ಫ್ಯಾನ್ ಕೂರಿಸಿ ವಿಂಡ್ ಟನೆಲ್ ಮಾಡಿಕೊಂಡರು. ಬಲ ಅಳೆಯುವ ತಕ್ಕಡಿಯನ್ನು ಹ್ಯಾಕ್ಸಾ ಬ್ಲೇಡ್, ಸೈಕಲ್ ಕಡ್ಡಿಯ ತಂತಿಯಿಂದ ಮಾಡಿಕೊಂಡರು. ಅಂಗೈಯಗಲದ ಲೋಹದ ರೆಕ್ಕೆಗಳನ್ನು ಸುಮಾರು 200 ಬಗೆಯಲ್ಲಿ ಕತ್ತರಿಸಿ ಪರೀಕ್ಷಿಸಿದರು. ಒಂದು ಗ್ಲೈಡರ್ ಕಟ್ಟಿ ಹಾರಿಸುವುದಕ್ಕೆ ಒಂದು ವರ್ಷ ಬೇಕಿತ್ತು. ಪೆಟ್ಟಿಗೆಯಲ್ಲಿ ಒಂದು ರೆಕ್ಕೆ ಪರೀಕ್ಷಿಸಲು ನಿಮಿಷಗಳು ಸಾಕು. 1902ರ ಗ್ಲೈಡರ್ ಲೆಕ್ಕದಂತೆಯೇ ಹಾರಿತು. ನನ್ನ ಮಟ್ಟಿಗೆ ವಿಮಾನ ನಿಜವಾಗಿ ಹುಟ್ಟಿದ್ದು ಆ ಪೆಟ್ಟಿಗೆಯಲ್ಲಿ. 1903ರ ಡಿಸೆಂಬರ್ 17ರ ಆ 12 ಸೆಕೆಂಡು ಅದರ ಫಲ.

ಎಡಿಸನ್ ಬಗ್ಗೆ ಸಾವಿರಾರು ಸಲ ಸೋತರೂ ಬಿಡಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮೆಚ್ಚುಗೆಯಾಗುವುದು ಇನ್ನೊಂದು. ಅವರು ಬಲ್ಬಿನಿಂದ ಶುರು ಮಾಡದೆ ಊರಿಗೆಲ್ಲ ತಂತಿ ಎಳೆಯುವ ಲೆಕ್ಕದಿಂದ ಶುರು ಮಾಡಿದರು. ಬಲ್ಬು ಹೆಚ್ಚು ಕರೆಂಟ್ ಎಳೆದರೆ ದಪ್ಪ ತಂತಿ ಬೇಕು, ಅಷ್ಟು ತಾಮ್ರ ಕೊಂಡರೆ ಗ್ಯಾಸ್ ದೀಪದ ಎದುರು ನಿಲ್ಲಲು ಆಗುವುದಿಲ್ಲ. ಹಾಗಾಗಿ ಹೆಚ್ಚು ರೋಧವಿರುವ ತೆಳ್ಳಗಿನ ಎಳೆಯೇ ಬೇಕು. ಅಷ್ಟು ಖಚಿತವಾದ ಮೇಲೆ ಹುಡುಕಾಟ ಕುರುಡಾಗಿರಲಿಲ್ಲ. ವ್ಯಾಕ್ಯೂಮ್ ಕ್ಲೀನರ್ ಮಾಡಿದ ಜೇಮ್ಸ್ ಡೈಸನ್ ಅವರ ಕತೆಯಲ್ಲೂ 5,127 ಮಾದರಿ ಎಂಬ ಸಂಖ್ಯೆಯನ್ನೇ ಎಲ್ಲರೂ ನೆನಪಿಡುತ್ತಾರೆ. ಅದಕ್ಕಿಂತ ಉಪಯೋಗದ್ದು ಬೇರೆ ಎರಡಿವೆ. ಮರದ ಪುಡಿಯನ್ನು ಗಾಳಿಯಿಂದ ಬೇರ್ಪಡಿಸುವ, ಆಗಲೇ ಬಳಕೆಯಲ್ಲಿದ್ದ ಸೈಕ್ಲೋನ್ ಉಪಕರಣವನ್ನು ವ್ಯಾಕ್ಯೂಮ್ ಕ್ಲೀನರಿಗೆ ತಂದದ್ದು. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾ ಹೋದದ್ದು.

ಛಲದ ಬಗ್ಗೆ ಒಂದು ಖಾರದ ಮಾತು ಹೇಳಿಬಿಡುತ್ತೇನೆ. ಬಿಡದೆ ಅಂಟಿಕೊಂಡು ಗೆದ್ದವರ ಪುಸ್ತಕ ಬರುತ್ತದೆ, ಅಂಟಿಕೊಂಡು ಮುಳುಗಿದವರ ಪುಸ್ತಕ ಬರುವುದಿಲ್ಲ. ಎಡಿಸನ್ ಅವರೇ ಕಡಿಮೆ ದರ್ಜೆಯ ಕಬ್ಬಿಣದ ಅದಿರನ್ನು ಅಯಸ್ಕಾಂತದಿಂದ ಬೇರ್ಪಡಿಸುವ ಯೋಜನೆಗೆ 1890ರ ದಶಕವನ್ನೂ ದೊಡ್ಡ ಆಸ್ತಿಯನ್ನೂ ಸುರಿದು ಕಳೆದುಕೊಂಡರು. ಇನ್ನೊಂದು ಕಡೆ ಖಗೋಳವಿಜ್ಞಾನಿ ಕೆಪ್ಲರ್ ಅವರನ್ನು ನೋಡಿ. ಮಂಗಳ ಗ್ರಹದ ಚಲನೆಗೆ ವರ್ಷಗಟ್ಟಲೆ ಕಟ್ಟಿದ ವೃತ್ತಾಕಾರದ ಲೆಕ್ಕ ಟೈಕೊ ಬ್ರಾಹೆಯ ವೀಕ್ಷಣೆಗಿಂತ 8 ಕೋನ ನಿಮಿಷ ತಪ್ಪುತ್ತಿತ್ತು. ಪೂರ್ಣ ಚಂದ್ರನ ಅಗಲದ ಕಾಲು ಭಾಗ, ಅಷ್ಟೇ. ಟೈಕೊ ಅಷ್ಟು ತಪ್ಪುವವರಲ್ಲ ಅಂತ ಗೊತ್ತಿದ್ದ ಕೆಪ್ಲರ್ ತಮ್ಮ ಲೆಕ್ಕವನ್ನೇ ಕೈಬಿಟ್ಟರು. 1609ರಲ್ಲಿ ದೀರ್ಘವೃತ್ತದ ಕಕ್ಷೆ ಹೊರಬಂತು. ಮುಂದುವರಿಯಬೇಕಾ ಬಿಡಬೇಕಾ ಅಂತ ಗೊಂದಲವಾದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಕಳೆದ ಮೂರು ಪ್ರಯತ್ನದಿಂದ ಮೊದಲು ಗೊತ್ತಿಲ್ಲದ್ದು ಏನಾದರೂ ಗೊತ್ತಾಯಿತಾ? ಇಲ್ಲವಾದರೆ ಅದು ಬರೀ ಹಟ.

ಸಂಶೋಧಕರ ವಿಚಿತ್ರ ಅಭ್ಯಾಸಗಳನ್ನು ನಕಲು ಮಾಡಬೇಡಿ. ಎಷ್ಟು ಗಂಟೆಗೆ ಏಳುತ್ತಿದ್ದರು, ಎಷ್ಟು ಕಾಫಿ ಕುಡಿಯುತ್ತಿದ್ದರು, ಇದೆಲ್ಲ ಓದುವುದಕ್ಕೆ ಚೆಂದ. ಗಣಿತಜ್ಞ ಪ್ವಾಂಕರೆಗೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಉತ್ತರ ಹೊಳೆಯಿತು ಅಂತ ಹೇಳುವವರು, ಅದಕ್ಕೂ ಮೊದಲು ಅವರು ವಾರಗಟ್ಟಲೆ ಆ ಲೆಕ್ಕದ ಜೊತೆ ಗುದ್ದಾಡಿದ್ದನ್ನು ಹೇಳುವುದು ಮರೆಯುತ್ತಾರೆ.

ಕಂಡುಹಿಡಿದದ್ದನ್ನು ಬೇರೆಯವರಿಗೆ ಮುಟ್ಟಿಸುವುದೂ ಕೆಲಸದ ಭಾಗವೇ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ 1847ರಲ್ಲಿ ವೈದ್ಯರಿಗೆ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದರು. ಅವರ ವಿಭಾಗದಲ್ಲಿ ಹಿಂದಿನ ವರ್ಷ ನೂರಕ್ಕೆ 11ರಷ್ಟಿದ್ದ ತಾಯಂದಿರ ಸಾವು 1848ರಲ್ಲಿ ಸುಮಾರು ಒಂದಕ್ಕೆ ಇಳಿಯಿತು. ಆದರೆ ತಮ್ಮ ಪೂರ್ತಿ ವಿವರಗಳ ಪುಸ್ತಕವನ್ನು ಅವರು ಹೊರತಂದದ್ದು 1861ರಲ್ಲಿ. ಅದರಲ್ಲೂ ಒಪ್ಪದವರ ಮೇಲೆ ಸಿಟ್ಟು ಬಹಳ. ಅಷ್ಟು ಸ್ಪಷ್ಟ ಅಂಕಿಗಳು ಇದ್ದೂ ಅವರ ಕಾಲದ ಹೆಚ್ಚಿನ ವೈದ್ಯರು ಒಪ್ಪಲಿಲ್ಲ. ತಪ್ಪು ಅವರೊಬ್ಬರದೇ ಅಲ್ಲ, ನಿಜ. ಆದರೂ ರೇಲಿಯ ಆ ಪುಟ್ಟ ಪತ್ರದ ಪಕ್ಕ ಇದನ್ನಿಟ್ಟು ನೋಡಿ. ನಿಮ್ಮ ಮೇಲಧಿಕಾರಿಗೆ 'ನಮ್ಮ ವಿನ್ಯಾಸ ತಪ್ಪು' ಅಂತ ಹೇಳುವುದಕ್ಕಿಂತ 'ಈ ಎರಡು ಪಂಪುಗಳ ಅಂಕಿ ನನಗೆ ಅರ್ಥವಾಗುತ್ತಿಲ್ಲ, ನಿಮಗೆ ಏನನ್ನಿಸುತ್ತದೆ?' ಅಂತ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಎಲ್ಲಿಂದ ಶುರು ಅಂತ ಕೇಳಿದ್ದೀರಿ. ನಿಮ್ಮ ವಿಭಾಗದ ಹಳೆಯ ಟೆಸ್ಟ್ ರಿಜಿಸ್ಟರಿನಿಂದ. ಪಾಸಾದವುಗಳಲ್ಲೇ ಗುಂಪಿನಿಂದ ದೂರ ನಿಂತ ಅಂಕಿಗಳನ್ನು ಹೆಕ್ಕಿ. ಗ್ರಾಹಕರಿಂದ ವಾಪಸ್ ಬಂದು 'ದೋಷ ಕಂಡುಬಂದಿಲ್ಲ' ಅಂತ ಬರೆಸಿಕೊಂಡ ಪಂಪುಗಳ ಪಟ್ಟಿಯನ್ನೂ ನೋಡಿ. ಅವರಿಗೇನೋ ತೊಂದರೆಯಾಗಿದ್ದಕ್ಕೇ ವಾಪಸ್ ಕಳಿಸಿರುತ್ತಾರೆ, ನಮ್ಮ ಟೆಸ್ಟಿಗೆ ಅದು ಕಾಣುತ್ತಿಲ್ಲ, ಅಷ್ಟೇ. ಹೀಗೆ ಸಿಕ್ಕವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಕಡಿಮೆ ಖರ್ಚಿನಲ್ಲಿ, ಬೇಗ ಮಾಡಬಹುದಾದ ಪುಟ್ಟ ಪರೀಕ್ಷೆ ಯೋಚಿಸಿ. ಪೂರ್ತಿ ಪಂಪ್ ಬೇಕಿಲ್ಲ, ಒಂದು ಭಾಗ ಸಾಕು. ಯಾವುದನ್ನು ಬದಲಿಸಿದರೆ ವ್ಯತ್ಯಾಸ ಹೆಚ್ಚಬೇಕು ಅಂತ ಮೊದಲೇ ಬರೆದಿಟ್ಟು ಆಮೇಲೆ ಮಾಡಿ. ಮೊದಲೇ ಬರೆದಿಡದಿದ್ದರೆ ಬಂದದ್ದೆಲ್ಲವೂ 'ನಾನು ಅಂದುಕೊಂಡಂತೆಯೇ ಬಂತು' ಅನ್ನಿಸುತ್ತದೆ.

ಓದುವುದನ್ನೂ ಬಿಡಬೇಡಿ, ಓದುವ ರೀತಿ ಸ್ವಲ್ಪ ಬದಲಿಸಿ. ಪ್ರಯೋಗ ಕೈಕೊಟ್ಟ ಪುಟ ಬಂದಾಗ ಪುಸ್ತಕ ಮುಚ್ಚಿ, ನೀವಾಗಿದ್ದರೆ ಮರುದಿನ ಏನು ಮಾಡುತ್ತಿದ್ದಿರಿ ಅಂತ ಬರೆದುಕೊಳ್ಳಿ. ಆಮೇಲೆ ಮುಂದಿನ ಪುಟ ತಿರುವಿ. ಬೇರೆ ಬೇರೆ ಕ್ಷೇತ್ರದವರ ಜೊತೆ ಹೀಗೆ ಮಾಡುತ್ತಾ ಬಂದರೆ, ನೀವು ಯಾವಾಗಲೂ ಯಾವ ಹೆಜ್ಜೆಯನ್ನು ಹಾರಿಬಿಡುತ್ತೀರಿ ಅಂತ ಗೊತ್ತಾಗುತ್ತದೆ.

ವಯಸ್ಸಿನ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆ ಮುಳ್ಳು ಅಲುಗಿದ ದಿನ ಫ್ಯಾರಡೆಗೆ 39 ವರ್ಷ. ಆರ್ಗಾನ್ ಪ್ರಕಟಿಸಿದಾಗ ರೇಲಿಗೆ 51. ನಿಮ್ಮ ರಿಜಿಸ್ಟರಿನಲ್ಲಿ ವಿಚಿತ್ರವಾದ ಅಂಕಿ ಏನಾದರೂ ಸಿಕ್ಕರೆ, ಯಾವ ಸ್ಥಿತಿಯಲ್ಲಿ ತೆಗೆದದ್ದು, ಎಷ್ಟು ಸಲ ಹಾಗೆ ಬಂತು ಎಂಬ ವಿವರದ ಜೊತೆ ಬರೆದು ಕಳಿಸಿ. ಯಾವುದನ್ನು ಮೊದಲು ಬದಲಿಸಿ ನೋಡಬಹುದು ಅಂತ ಇಬ್ಬರೂ ಸೇರಿ ಯೋಚಿಸೋಣ.